ಸಣ್ಣ ಆಫೀಸಿನ ಕಂಪ್ಯೂಟರ್ ಕಾಪಾಡಿಕೊಳ್ಳುವುದು ಹೇಗೆ?

ವಾಣಿಜ್ಯ ವಿಭಾಗದಲ್ಲಿ ಓದುವ ನಮ್ಮಲ್ಲಿ ಬಹಳಷ್ಟು ಜನ ಪರೀಕ್ಷೆ ಮುಗಿಸಿ ಮೊದಲು ಕಾಲಿಡುವುದು ಯಾವುದಾದರೂ ಆಡಿಟರ್ ಆಫೀಸಿಗೆ, ಹೋಲ್‌ಸೇಲ್ ಅಂಗಡಿಯ ಲೆಕ್ಕದ ಕೋಣೆಗೆ ಅಥವಾ ಜಮಾಅತ್ ಕಮಿಟಿಯ ಕಚೇರಿಗೆ. ಅಲ್ಲಿರುವುದು ಒಂದೋ ಎರಡೋ ಕಂಪ್ಯೂಟರ್. ದೊಡ್ಡ ಕಂಪನಿಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳಲಿಕ್ಕೆಂದೇ ಒಂದು ವಿಭಾಗ ಇರುತ್ತದೆ. ಸಣ್ಣ ಆಫೀಸಿನಲ್ಲಿ ಆ ವಿಭಾಗ ಎಂದರೆ ಅಲ್ಲಿರುವವರಲ್ಲಿ ವಯಸ್ಸಿನಲ್ಲಿ ಚಿಕ್ಕವರು. "ನಿನಗೆ ಮೊಬೈಲ್ ಎಲ್ಲಾ ಬರುತ್ತಲ್ಲ, ಇದನ್ನೂ ಸ್ವಲ್ಪ ನೋಡು" ಎಂದು ನಮ್ಮ ತಲೆಗೇ ಕಟ್ಟುತ್ತಾರೆ. ನನ್ನ ಮಾಮು ಮೂರು ಕಂಪ್ಯೂಟರ್ ಇಟ್ಟುಕೊಂಡು ತೆರಿಗೆ ಸಲಹೆಗಾರರಾಗಿ ಕೆಲಸ ಮಾಡುತ್ತಾರೆ. ಎರಡು ವರ್ಷಗಳಿಂದ ರಜೆಯಲ್ಲಿ ಅವರ ಆಫೀಸಿಗೆ ಹೋಗಿ ಬರುತ್ತಿದ್ದೇನೆ. ಅಲ್ಲಿ ನೋಡಿ ಕಲಿತದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಕಂಪ್ಯೂಟರ್ ಕೆಟ್ಟರೆ ಏನಾಗುತ್ತದೆ? ರಿಪೇರಿಗೆ ಎರಡು ಮೂರು ಸಾವಿರ ಖರ್ಚು ಎಂದು ನಾವು ಅಂದುಕೊಳ್ಳುತ್ತೇವೆ. ಮಾಮು ಬಳಿ ಬರುವ ಒಬ್ಬ ಸಗಟು ವ್ಯಾಪಾರಿಯ ಕಥೆ ಕೇಳಿ. ಅವರ ಹಾರ್ಡ್ ಡಿಸ್ಕ್ ಒಂದು ಬೆಳಿಗ್ಗೆ ಟಕ್ ಟಕ್ ಎಂದು ಶಬ್ದ ಮಾಡಿ ನಿಂತುಹೋಯಿತು. ಎಲ್ಲೂ ಇನ್ನೊಂದು ಪ್ರತಿ ಇರಲಿಲ್ಲ. ಒಂಬತ್ತು ತಿಂಗಳ ಬಿಲ್ಲುಗಳನ್ನು ಕಾರ್ಬನ್ ಪ್ರತಿ ನೋಡಿ ಮತ್ತೆ ಟ್ಯಾಲಿಗೆ ಹಾಕಬೇಕಾಯಿತು. ಅದನ್ನು ಹೇಗೋ ಮಾಡಿದರು. ಆದರೆ ಉದ್ರಿ ಪಟ್ಟಿ? ನಾವು ಲೆಕ್ಕಶಾಸ್ತ್ರದಲ್ಲಿ ಸಾಲಿಗರು, ಸಾಲಗಾರರು ಎಂದು ಎರಡು ಪಟ್ಟಿ ಮಾಡುತ್ತೇವಲ್ಲ, ಅವೆರಡೂ ಒಂದೇ ರೀತಿ ಕಳೆದುಹೋಗುವುದಿಲ್ಲ. ನಾವು ಯಾರಿಗೆ ಹಣ ಕೊಡಬೇಕೋ ಅವರು ತಮ್ಮ ಪುಸ್ತಕ ಹಿಡಿದು ತಾವೇ ಬರುತ್ತಾರೆ. ನಮಗೆ ಕೊಡಬೇಕಾದವರು ಬರುವುದಿಲ್ಲ. ಅಂಗಡಿಗೆ ಬಂದವರಲ್ಲಿ ಕೆಲವರು ನೆನಪಿಟ್ಟು ಕೊಟ್ಟರು, ಕೆಲವರು "ಆವತ್ತೇ ಕೊಟ್ಟೆನಲ್ಲ" ಎಂದರು. ಅಲ್ಲ ಎಂದು ತೋರಿಸಲು ಲೆಡ್ಜರ್ ಎಲ್ಲಿದೆ?

ಆದ್ದರಿಂದ ಮೊದಲ ಮಾತು ಬ್ಯಾಕಪ್‌ನದ್ದು. ಉಳಿದದ್ದೆಲ್ಲ ಆಮೇಲೆ.

ಹಾರ್ಡ್ ಡಿಸ್ಕ್ ಒಳಗೆ ತಟ್ಟೆಗಳು ತಿರುಗುತ್ತಿರುತ್ತವೆ, ಅದರ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಒಂದು ಮುಳ್ಳು ಓಡಾಡುತ್ತಿರುತ್ತದೆ. ತಿರುಗುವ ಯಾವ ಯಂತ್ರವೂ ಒಂದು ದಿನ ಸವೆಯಲೇಬೇಕು. ಈಗಿನ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗ ಇಲ್ಲ, ವೇಗವೂ ಬಹಳ. ಹಳೆಯ ಕಂಪ್ಯೂಟರ್‌ಗೆ ಹೊಸ ಜೀವ ಬರಬೇಕಾದರೆ ಇದಕ್ಕಿಂತ ಒಳ್ಳೆಯ ಖರ್ಚು ಇಲ್ಲ. ಆದರೆ ಹಾರ್ಡ್ ಡಿಸ್ಕ್ ಕೆಲವೊಮ್ಮೆ ಶಬ್ದ ಮಾಡಿ, ನಿಧಾನವಾಗಿ ಮುನ್ಸೂಚನೆ ಕೊಡುತ್ತದೆ. ಎಸ್‌ಎಸ್‌ಡಿ ಎಷ್ಟೋ ಸಲ ಏನೂ ಹೇಳದೆ ಹೋಗಿಬಿಡುತ್ತದೆ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಡಿಸ್ಕ್‌ನ ಆರೋಗ್ಯ ತೋರಿಸುತ್ತದೆ. ಅದು ಹಳದಿ ಬಣ್ಣದಲ್ಲಿ ಎಚ್ಚರಿಕೆ ಕೊಟ್ಟರೆ ನಾಳೆ ಎನ್ನಬೇಡಿ. ಹಾಗೆಂದು ನೀಲಿ ಬಣ್ಣ ತೋರಿಸಿದರೆ ಬ್ಯಾಕಪ್ ಬೇಡ ಎಂದೂ ಅರ್ಥವಲ್ಲ.

ಬ್ಯಾಕಪ್‌ಗೆ 3-2-1 ಎಂಬ ಸುಲಭ ಲೆಕ್ಕ ಇದೆ. ಇದನ್ನು ಜನಪ್ರಿಯಗೊಳಿಸಿದವರು ಪೀಟರ್ ಕ್ರೋ ಎಂಬ ಛಾಯಾಗ್ರಾಹಕರು. ಮಾಹಿತಿಯ ಮೂರು ಪ್ರತಿ ಇರಬೇಕು, ಅವು ಎರಡು ಬೇರೆ ಬೇರೆ ಬಗೆಯ ಸಾಧನಗಳಲ್ಲಿರಬೇಕು, ಒಂದು ಪ್ರತಿ ಆಫೀಸಿನಿಂದ ಹೊರಗೆ ಇರಬೇಕು. ನಮ್ಮ ಆಫೀಸಿಗೆ ಇದನ್ನು ಅನ್ವಯಿಸಿದರೆ ಹೀಗೆ: ಕಂಪ್ಯೂಟರ್‌ನಲ್ಲಿರುವುದು ಒಂದು, ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ ಒಂದು, ಗೂಗಲ್ ಡ್ರೈವ್‌ನಂಥ ಕಡೆ ಅಥವಾ ಯಜಮಾನರ ಮನೆಯ ಬೀರುವಿನಲ್ಲಿ ಇನ್ನೊಂದು. ಹೊರಗಿನ ಡಿಸ್ಕನ್ನು ಬ್ಯಾಕಪ್ ಆದ ಕೂಡಲೇ ಕಿತ್ತು ಡ್ರಾದಲ್ಲಿಡಬೇಕು. ಹಗಲಿಡೀ ಕಂಪ್ಯೂಟರ್‌ಗೆ ಚುಚ್ಚಿಯೇ ಇಟ್ಟರೆ ವೈರಸ್ ಬಂದಾಗ ಅದಕ್ಕೂ ಬರುತ್ತದೆ, ಸಿಡಿಲು ಹೊಡೆದಾಗ ಅದಕ್ಕೂ ಹೊಡೆಯುತ್ತದೆ. ಡೆಸ್ಕ್‌ಟಾಪ್ ಮೇಲಿನ ಫೈಲನ್ನೇ ಡಿ ಡ್ರೈವ್‌ಗೆ ನಕಲು ಮಾಡಿ "ಬ್ಯಾಕಪ್ ಆಯ್ತು" ಎನ್ನುವವರು ಬಹಳ. ಸಿ ಮತ್ತು ಡಿ ಸಾಮಾನ್ಯವಾಗಿ ಒಂದೇ ಡಿಸ್ಕ್‌ನ ಎರಡು ಕೋಣೆಗಳು. ಮನೆಗೆ ಬೆಂಕಿ ಬಿದ್ದರೆ ಪಕ್ಕದ ಕೋಣೆಯಲ್ಲಿಟ್ಟ ಹಣವೂ ಉಳಿಯುವುದಿಲ್ಲ.

ಟ್ಯಾಲಿ ಪ್ರೈಮ್‌ನಲ್ಲಿ ಆಲ್ಟ್ ಮತ್ತು ವೈ ಒತ್ತಿದರೆ ಡೇಟಾ ಎಂಬ ಪಟ್ಟಿ ಬರುತ್ತದೆ, ಅದರಲ್ಲೇ ಬ್ಯಾಕಪ್, ರಿಸ್ಟೋರ್ ಎರಡೂ ಇವೆ. (ಟ್ಯಾಲಿ ನಮ್ಮ ಬೆಂಗಳೂರಿನದು. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ ಶುರು ಮಾಡಿದ ಕಂಪನಿ.) ಬ್ಯಾಕಪ್ ಮಾಡುವುದು ಎಲ್ಲರಿಗೂ ಗೊತ್ತು. ಅದು ತೆರೆಯುತ್ತದೆಯೇ ಎಂದು ನೋಡುವವರು ಕಡಿಮೆ. ಇದಕ್ಕೆ ವಾಣಿಜ್ಯ ವಿದ್ಯಾರ್ಥಿಗಳಾದ ನಮ್ಮ ಬಳಿ ಒಳ್ಳೆಯ ಪರೀಕ್ಷೆ ಇದೆ. ತಿಂಗಳಿಗೊಮ್ಮೆ ಬೇರೆಯದೇ ಒಂದು ಖಾಲಿ ಫೋಲ್ಡರ್ ಮಾಡಿ, ಬ್ಯಾಕಪ್ ಪ್ರತಿಯನ್ನು ಅಲ್ಲಿಗೆ ರಿಸ್ಟೋರ್ ಮಾಡಿ, ಆ ದಿನದ ತಾಳೆಪಟ್ಟಿ ತೆಗೆಯಿರಿ. ಬ್ಯಾಕಪ್ ಮಾಡಿದ ದಿನ ಮೂಲದಿಂದ ತೆಗೆದ ತಾಳೆಪಟ್ಟಿಯ ಜೊತೆ ಮೊತ್ತ ಹೊಂದಿದರೆ ಬ್ಯಾಕಪ್ ಸರಿ ಇದೆ. ಎಚ್ಚರ, ಮೂಲ ಡೇಟಾ ಇರುವ ಫೋಲ್ಡರ್‌ಗೇ ರಿಸ್ಟೋರ್ ಮಾಡಬಾರದು. ಹಳೆಯದು ಹೊಸದರ ಮೇಲೆ ಕೂತುಬಿಡುತ್ತದೆ. ಟ್ಯಾಲಿ ವಾಲ್ಟ್ ಪಾಸ್‌ವರ್ಡ್ ಹಾಕಿದ್ದರೆ ಅದನ್ನು ಬರೆದು ಭದ್ರವಾಗಿಡಿ. ಮರೆತರೆ ಆ ಡೇಟಾ ತೆರೆಯುವ ದಾರಿ ಇಲ್ಲ.

ಕೇಬಲ್ ಕಿತ್ತ ಪ್ರತಿ ಎಷ್ಟು ಮುಖ್ಯ ಎಂಬುದಕ್ಕೆ ಒಂದು ದೊಡ್ಡ ಕಂಪನಿಯ ಕಥೆ ಇದೆ. 2017ರ ಜೂನ್ 27ರಂದು ಉಕ್ರೇನ್‌ನಲ್ಲಿ ನಾಟ್‌ಪೆಟ್ಯಾ ಎಂಬ ವೈರಸ್ ಹರಡಿತು. ಅದು ಹರಡಿದ ದಾರಿ ನಮ್ಮ ಟ್ಯಾಲಿಯಂಥ ಒಂದು ಲೆಕ್ಕದ ಸಾಫ್ಟ್‌ವೇರ್‌ನ ಅಪ್‌ಡೇಟ್! ಅಲ್ಲಿಂದ ಡೆನ್ಮಾರ್ಕ್‌ನ ಹಡಗು ಕಂಪನಿ ಮೇರ್ಸ್ಕ್‌ಗೆ ತಗುಲಿತು. ಮುಂಬೈ ಪಕ್ಕದ ಜವಾಹರಲಾಲ್ ನೆಹರೂ ಬಂದರಿನಲ್ಲಿ ಅವರ ಟರ್ಮಿನಲ್ ಕೂಡ ನಿಂತಿತು. ಕಂಪನಿಯ ಎಲ್ಲ ಕಂಪ್ಯೂಟರ್‌ಗಳ ಹೆಸರು, ಪಾಸ್‌ವರ್ಡ್, ಅನುಮತಿಗಳನ್ನು ಇಟ್ಟುಕೊಳ್ಳುವ ಮುಖ್ಯ ಸರ್ವರ್‌ಗಳು ಬೇರೆ ಬೇರೆ ದೇಶಗಳಲ್ಲಿದ್ದವು, ಒಂದು ಹೋದರೆ ಇನ್ನೊಂದು ಇರುತ್ತದೆ ಎಂಬ ನಂಬಿಕೆ. ಆದರೆ ಎಲ್ಲವೂ ಒಂದಕ್ಕೊಂದು ಜೋಡಿಸಿದ್ದರಿಂದ ಎಲ್ಲವೂ ಅಳಿಸಿಹೋದವು. ಉಳಿದದ್ದು ಆಫ್ರಿಕಾದ ಘಾನಾದಲ್ಲಿದ್ದ ಒಂದೇ ಒಂದು. ಕಾರಣ, ಆ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು! ಆ ಒಂದು ಪ್ರತಿಯಿಂದ ಆರಂಭಿಸಿ ಸುಮಾರು ಹತ್ತು ದಿನಗಳಲ್ಲಿ 45,000 ಕಂಪ್ಯೂಟರ್‌ಗಳಿಗೆ ಎಲ್ಲವನ್ನೂ ಹೊಸದಾಗಿ ಹಾಕಿದರು. ನಮ್ಮ ಊರಿನಲ್ಲಿ ಕರೆಂಟ್ ಹೋದಾಗ ನಾವು ಬೈಯುತ್ತೇವೆ, ಅಲ್ಲಿ ಅದೇ ಕಂಪನಿಯನ್ನು ಉಳಿಸಿತು.

ಎಷ್ಟು ವರ್ಷದ ಲೆಕ್ಕ ಇಡಬೇಕು ಎಂದು ಕೇಳಿದರೆ ಕಾನೂನೇ ಉತ್ತರ ಕೊಡುತ್ತದೆ. ಜಿಎಸ್‌ಟಿಯಲ್ಲಿ ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳು. ಕಂಪನಿ ಕಾಯ್ದೆಯಲ್ಲಿ 8 ವರ್ಷ. ಕಂಪನಿಗಳು ಕಂಪ್ಯೂಟರ್‌ನಲ್ಲಿಡುವ ಲೆಕ್ಕಪುಸ್ತಕಗಳ ಬ್ಯಾಕಪ್ ಪ್ರತಿದಿನ ಆಗಬೇಕು, ಭಾರತದಲ್ಲೇ ಇರುವ ಸರ್ವರ್‌ನಲ್ಲಿರಬೇಕು ಎಂದು 2022ರಿಂದ ನಿಯಮ ಇದೆ. ಅಂಗಡಿ, ಪಾಲುದಾರಿಕೆ ಸಂಸ್ಥೆಗಳಿಗೆ ಆ ನಿಯಮ ಅನ್ವಯಿಸದಿದ್ದರೂ ಅಭ್ಯಾಸ ಒಳ್ಳೆಯದೇ. ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವವರಿಗೆ ಜಿಎಸ್‌ಟಿಆರ್-3ಬಿ ಕೊನೆಯ ದಿನ 20. ತಡವಾದರೆ ದಿನಕ್ಕೆ 50 ರೂಪಾಯಿ, ವಹಿವಾಟು ಇಲ್ಲದಿದ್ದರೆ 20 ರೂಪಾಯಿ, ಕಟ್ಟಬೇಕಾದ ತೆರಿಗೆಗೆ ವರ್ಷಕ್ಕೆ ಶೇಕಡಾ 18 ಬಡ್ಡಿ. "ಕಂಪ್ಯೂಟರ್ ಕೆಟ್ಟಿತ್ತು" ಎಂದು ಹೇಳಿದರೆ ಪೋರ್ಟಲ್ ಕೇಳುವುದಿಲ್ಲ.

ಇನ್ನು ಕರೆಂಟಿನ ವಿಷಯ. ಯುಪಿಎಸ್ ಇರುವುದು ಕರೆಂಟ್ ಹೋದಾಗ ಕೆಲಸ ಮುಂದುವರಿಸಲಿಕ್ಕೆ ಎಂದು ಅನೇಕರ ತಿಳಿವಳಿಕೆ. ಚಿಕ್ಕ 600 ವಿಎ ಯುಪಿಎಸ್ ಹೊಸದಿದ್ದಾಗಲೂ ಒಂದು ಕಂಪ್ಯೂಟರನ್ನು ಹತ್ತು ಹದಿನೈದು ನಿಮಿಷ ಎಳೆಯಬಹುದು. ಅದು ಇರುವುದು ಮಾಡಿದ ಕೆಲಸ ಉಳಿಸಿ, ಕಂಪ್ಯೂಟರನ್ನು ಸರಿಯಾಗಿ ಆರಿಸಲಿಕ್ಕೆ. ಎಂಟ್ರಿ ಬರೆಯುತ್ತಿರುವಾಗಲೇ ಫಕ್ಕನೆ ಕರೆಂಟ್ ಹೋದರೆ ಡೇಟಾ ಫೈಲ್ ಅರ್ಧ ಬರೆದಂತೆ ಉಳಿದು ಕೆಡಬಹುದು. ಅದರ ಒಳಗಿನ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲುತ್ತದೆ, ಹೊರಗಿನಿಂದ ಗೊತ್ತಾಗುವುದಿಲ್ಲ, ಹಸಿರು ದೀಪ ಉರಿಯುತ್ತಲೇ ಇರುತ್ತದೆ. ತಿಂಗಳಿಗೊಮ್ಮೆ ಎಲ್ಲ ಕೆಲಸ ಉಳಿಸಿ, ಮುಚ್ಚಿ, ಗೋಡೆಯ ಸ್ವಿಚ್ ಆರಿಸಿ ಎಷ್ಟು ನಿಮಿಷ ನಿಲ್ಲುತ್ತದೆ ಎಂದು ನೋಡಿ ಬರೆದಿಡಿ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಹಾಕಬೇಡಿ. ಅದರೊಳಗೆ ಶಾಯಿಯ ಪುಡಿಯನ್ನು ಕಾಗದಕ್ಕೆ ಬೇಯಿಸಿ ಅಂಟಿಸುವ ಹೀಟರ್ ಇದೆ. ಅದು ಬಿಸಿಯಾಗುವ ಕ್ಷಣದಲ್ಲಿ ಎಳೆಯುವ ಕರೆಂಟಿಗೆ ಚಿಕ್ಕ ಯುಪಿಎಸ್ ಕುಸಿದು, ಜೊತೆಗೆ ಕಂಪ್ಯೂಟರೂ ಆರುತ್ತದೆ. ಯುಪಿಎಸ್ ಇಲ್ಲದೆ ಇನ್ವರ್ಟರ್ ಮಾತ್ರ ಇರುವ ಕಡೆ, ಇನ್ವರ್ಟರ್ ಹಿಂದೆ ಯುಪಿಎಸ್ ಎಂಬ ಸ್ವಿಚ್ ಇದೆಯೇ ನೋಡಿ. ಇನ್ನೊಂದು ಸ್ಥಿತಿಯಲ್ಲಿದ್ದರೆ ಬದಲಾಗುವ ಹೊತ್ತು ಹೆಚ್ಚಾಗಿ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ.

ಬರಿಗಾಲಲ್ಲಿ ನಿಂತು ಸಿಪಿಯು ಡಬ್ಬದ ಲೋಹ ಮುಟ್ಟಿದಾಗ ಜುಮ್ ಎನ್ನುತ್ತದೆಯೇ? ಎಷ್ಟೋ ಆಫೀಸುಗಳಲ್ಲಿ ಇದನ್ನು ತಮಾಷೆ ಮಾಡಿ ಬಿಡುತ್ತಾರೆ. ಅದು ಅರ್ತಿಂಗ್ ಇಲ್ಲ ಎಂಬುದರ ಗುರುತು. ಎರಡು ಪಿನ್ನಿನ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಮೂರು ಪಿನ್ನಿನ ಪ್ಲಗ್ಗನ್ನು ಹೇಗೋ ತುರುಕಿದ ಕಡೆ ಇದು ಖಂಡಿತ. ಎಲೆಕ್ಟ್ರಿಷಿಯನ್ ಕರೆಸಲೇಬೇಕು, ಇದರಲ್ಲಿ ಹೋಗುವುದು ಕಂಪ್ಯೂಟರ್ ಮಾತ್ರ ಅಲ್ಲ. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಪ್ಲಗ್ ಕೀಳುವುದು ಎಲ್ಲರಿಗೂ ಗೊತ್ತು, ಆದರೆ ಇಂಟರ್ನೆಟ್ಟಿನ ತಾಮ್ರದ ವೈರ್ ಹಾಗೇ ಬಿಟ್ಟಿರುತ್ತಾರೆ. ಸಿಡಿಲಿನ ಏಟು ಅದರಿಂದಲೂ ಒಳಗೆ ಬರುತ್ತದೆ.

ಧೂಳಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸಿಪಿಯು ನೆಲದ ಮೇಲಿದ್ದರೆ ಪ್ರತಿದಿನ ಕಸ ಗುಡಿಸುವ ಧೂಳೆಲ್ಲ ಅದರ ಫ್ಯಾನ್ ಎಳೆದುಕೊಳ್ಳುತ್ತದೆ, ನೆಲ ಒರೆಸುವ ನೀರೂ ತಾಗುತ್ತದೆ. ಒಂದು ಗೇಣು ಎತ್ತರದ ಸ್ಟೂಲ್ ಮೇಲಿಡಿ. ಬ್ಲೋವರ್ ಹಿಡಿಯುವಾಗ ಪ್ಲಗ್ ಕಿತ್ತು, ಫ್ಯಾನ್ ತಿರುಗದಂತೆ ಬೆರಳಿನಲ್ಲಿ ಹಿಡಿಯಿರಿ.

ಒಂದು ಸಣ್ಣ ಸಂಗತಿ ಬಹಳ ಜನರನ್ನು ಸತಾಯಿಸುತ್ತದೆ. ಜಿಎಸ್‌ಟಿ ಪೋರ್ಟಲ್ ತೆರೆಯುವುದಿಲ್ಲ, ಬ್ಯಾಂಕಿನ ಪುಟ ತೆರೆಯುವುದಿಲ್ಲ, "ನಿಮ್ಮ ಸಂಪರ್ಕ ಸುರಕ್ಷಿತವಲ್ಲ" ಎಂದು ಕೆಂಪು ಗುರುತು ಬರುತ್ತದೆ. ಇಂಟರ್ನೆಟ್ ಕೊಟ್ಟವರಿಗೆ ಬೈದು ಫೋನ್ ಮಾಡುತ್ತಾರೆ. ಮೊದಲು ಮೂಲೆಯಲ್ಲಿರುವ ದಿನಾಂಕ ನೋಡಿ. ಎಷ್ಟೋ ವರ್ಷ ಹಿಂದಿನ ತಾರೀಖು ಇದ್ದರೆ ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಸೆಲ್ ಮುಗಿದಿದೆ ಎಂದರ್ಥ. ಕಂಪ್ಯೂಟರ್ ಆರಿದ್ದಾಗಲೂ ಗಡಿಯಾರ ನಡೆಸುವುದು ಅದೇ. ಸುರಕ್ಷಿತ ವೆಬ್ ಪುಟಗಳಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಪ್ರಮಾಣಪತ್ರ ಇರುತ್ತದೆ, ತಾರೀಖು ತಪ್ಪಿದ್ದರೆ ಅದು ಅಸಿಂಧು ಎಂದು ಕಂಪ್ಯೂಟರ್ ತಿಳಿಯುತ್ತದೆ. ಸಾಮಾನ್ಯವಾಗಿ ಬಳಸುವುದು ಸಿಆರ್ 2032 ಸೆಲ್. ಕೈಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ.

ಈಗ ಅಪ್‌ಡೇಟ್. ಕೆಲಸದ ನಡುವೆ ಬರುತ್ತದೆ, ಡೇಟಾ ತಿನ್ನುತ್ತದೆ ಎಂದು ಅದನ್ನು ನಿಲ್ಲಿಸಿಟ್ಟವರೇ ಹೆಚ್ಚು. 2017ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ವಿಂಡೋಸ್‌ನ ಒಂದು ದೋಷಕ್ಕೆ ತೇಪೆ ಕಳಿಸಿತು. ಅದನ್ನು ಹಾಕಿಕೊಳ್ಳದ ಕಂಪ್ಯೂಟರ್‌ಗಳನ್ನು ಮೇ 12ರಿಂದ ವನ್ನಾಕ್ರೈ ಹಿಡಿಯಿತು. ಫೈಲುಗಳಿಗೆ ಬೀಗ ಹಾಕಿ 300 ಡಾಲರ್ ಕೇಳುತ್ತಿತ್ತು. ಬ್ರಿಟನ್ನಿನ ಆಸ್ಪತ್ರೆಗಳು ಮಾತ್ರ ಅಲ್ಲ, ನಮ್ಮ ಪಕ್ಕದ ವಯನಾಡಿನ ಪಂಚಾಯಿತಿ ಕಚೇರಿಯ ಕಂಪ್ಯೂಟರ್‌ಗೂ ಬಂದಿತ್ತು. ನಮ್ಮಂಥ ಸಣ್ಣವರನ್ನು ಯಾರು ಹುಡುಕಿಕೊಂಡು ಬರುತ್ತಾರೆ ಎನ್ನುವವರಿಗೆ ಇದೇ ಉತ್ತರ: ಯಾರೂ ಹುಡುಕುವುದಿಲ್ಲ, ಅದು ತೆರೆದ ಬಾಗಿಲು ಕಂಡಲ್ಲೆಲ್ಲ ನುಗ್ಗುತ್ತದೆ. ವಿಂಡೋಸ್ 10ಕ್ಕೆ ಸಾಮಾನ್ಯ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಾದರೆ ಎಂಟನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಹಳೆಯ ಕಂಪ್ಯೂಟರ್ ಇದ್ದವರು ಸೆಟ್ಟಿಂಗ್ಸ್‌ನ ಅಪ್‌ಡೇಟ್ ಪುಟದಲ್ಲಿ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ಸೇರುವ ಅವಕಾಶ ಇದೆಯೇ ನೋಡಬೇಕು. ಅದೂ ಇಲ್ಲದಿದ್ದರೆ ಆ ಯಂತ್ರವನ್ನು ಇಂಟರ್ನೆಟ್ ತೆಗೆದು ಟೈಪಿಂಗ್‌ಗೆ ಮಾತ್ರ ಇಟ್ಟುಕೊಳ್ಳುವುದು ನನ್ನ ದೃಷ್ಟಿಯಲ್ಲಿ ಸರಿ. ಬ್ಯಾಂಕಿನ ಕೆಲಸವಂತೂ ಅದರಲ್ಲಿ ಬೇಡ.

ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಸಣ್ಣ ಆಫೀಸಿಗೆ ಸಾಕಾಗುತ್ತದೆ. ತೊಂದರೆ ಎಂದರೆ ನಾವೇ ಅದನ್ನು ಆರಿಸುತ್ತೇವೆ. ಪುಕ್ಕಟೆ ಆಕ್ಟಿವೇಟರ್, ಕ್ರ್ಯಾಕ್ ಮಾಡಿದ ಟ್ಯಾಲಿ, ಉರ್ದು ಟೈಪ್ ಮಾಡಲು ಪೆನ್‌ಡ್ರೈವ್‌ನಲ್ಲಿ ಕೈಯಿಂದ ಕೈಗೆ ಬಂದ ಇನ್‌ಪೇಜ್, ಇವುಗಳನ್ನು ಹಾಕುವವರು ಮೊದಲು ಹೇಳುವ ಮಾತು "ಆ್ಯಂಟಿವೈರಸ್ ಆಫ್ ಮಾಡಿ". ಕಾವಲುಗಾರನನ್ನು ಮನೆಗೆ ಕಳಿಸಿ ಅಪರಿಚಿತರಿಗೆ ಬೀಗದ ಕೈ ಕೊಟ್ಟ ಹಾಗೆ. ಈಗ ಕನ್ನಡವನ್ನೂ ಉರ್ದುವನ್ನೂ ಯೂನಿಕೋಡ್‌ನಲ್ಲಿ ಯಾವ ಖರ್ಚೂ ಇಲ್ಲದೆ ಟೈಪ್ ಮಾಡಬಹುದು, ಕೀಲಿಮಣೆ ವಿಂಡೋಸ್‌ನಲ್ಲೇ ಇದೆ. ದಿನದ ಕೆಲಸಕ್ಕೆ ಅಡ್ಮಿನಿಸ್ಟ್ರೇಟರ್ ಅಲ್ಲದ ಸಾಮಾನ್ಯ ಖಾತೆ ಬಳಸಿದರೆ ಗೊತ್ತಿಲ್ಲದ ಸಾಫ್ಟ್‌ವೇರ್ ತಾನಾಗಿ ಕೂರುವುದು ಕಷ್ಟ.

ಕೆಲವು ಮೋಸಗಳಿಗೆ ವೈರಸ್ಸೂ ಬೇಕಿಲ್ಲ. ವಿಂಡೋಸ್ ಸಾಮಾನ್ಯವಾಗಿ ಫೈಲ್ ಹೆಸರಿನ ಕೊನೆಯ ತುಂಡನ್ನು ಮರೆಮಾಡುತ್ತದೆ. ಹಾಗಾಗಿ ಬಿಲ್ಲಿನ ಪಿಡಿಎಫ್‌ನಂತೆ ಕಾಣುವುದು ನಿಜವಾಗಿ ಪ್ರೋಗ್ರಾಂ ಆಗಿರಬಹುದು. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂನಲ್ಲಿ ಎಕ್ಸ್‌ಟೆನ್ಷನ್ ಕಾಣುವಂತೆ ಮಾಡಿಕೊಳ್ಳಿ. ಸರಕು ಕಳಿಸುವವರಿಂದ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ" ಎಂದು ಮೇಲ್ ಬಂದರೆ, ಆ ಮೇಲ್‌ನಲ್ಲಿರುವ ನಂಬರಿಗಲ್ಲ, ನಿಮ್ಮ ಬಳಿ ಹಿಂದಿನಿಂದ ಇರುವ ನಂಬರಿಗೆ ಫೋನ್ ಮಾಡಿ ಕೇಳಿ. ರಿಪೇರಿ ಹೆಸರಲ್ಲಿ ಫೋನ್ ಮಾಡಿ ಪರದೆ ಹಂಚಿಕೊಳ್ಳುವ ಸಾಫ್ಟ್‌ವೇರ್ ಹಾಕಿಸುವವರಿಗೆ ಇಲ್ಲ ಎನ್ನಿ. ಡಿಜಿಟಲ್ ಸಹಿಯ ಟೋಕನ್ ಸಹಿ ಹಾಕಿದ ಖಾಲಿ ಚೆಕ್ ಪುಸ್ತಕ ಇದ್ದಂತೆ. ಅದನ್ನು ಕಂಪ್ಯೂಟರ್‌ಗೆ ಚುಚ್ಚಿ, ಪಿನ್ ಬರೆದ ಚೀಟಿಯನ್ನು ಮಾನಿಟರ್‌ಗೆ ಅಂಟಿಸಿ ಊಟಕ್ಕೆ ಹೋಗುವವರನ್ನು ನಾನೇ ನೋಡಿದ್ದೇನೆ. ಪಾಸ್‌ವರ್ಡ್‌ಗಳನ್ನು ಪುಸ್ತಕದಲ್ಲಿ ಬರೆದು ಬೀಗ ಹಾಕಿಡುವುದರಲ್ಲಿ ತಪ್ಪಿಲ್ಲ, ಗೋಡೆಗೆ ಅಂಟಿಸುವುದಕ್ಕಿಂತ ನೂರು ಪಾಲು ಮೇಲು. ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ಹೋಗದಂತೆ ತಡೆಯುವ ಸಾಧ್ಯತೆ ಹೆಚ್ಚು.

ಫೈಲುಗಳಿಗೆ ಬೀಗ ಬಿದ್ದು ಹಣ ಕೇಳುವ ಪರದೆ ಬಂದರೆ ಮೊದಲು ನೆಟ್‌ವರ್ಕ್ ಕೇಬಲ್ ಕೀಳಿ, ವೈಫೈ ಆರಿಸಿ. ಪಕ್ಕದ ಕಂಪ್ಯೂಟರ್ ಉಳಿಯಬಹುದು. ಗಾಬರಿಯಲ್ಲಿ ಬ್ಯಾಕಪ್ ಡಿಸ್ಕ್ ತಂದು ಚುಚ್ಚುವುದನ್ನು ಮಾತ್ರ ಮಾಡಬೇಡಿ. ಹಣ ಕೊಟ್ಟರೂ ಫೈಲ್ ಮರಳುವ ಖಾತರಿ ಇಲ್ಲ.

ನಮ್ಮ ಮನೆಯ ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ನಮ್ಮ ಕೈಗೆ ಕೊಟ್ಟ ವಸ್ತು. ಕನ್ನಡದ ಪತ್ರಿಕೆಯಲ್ಲಿ ನೌಕರನ ಅಮಾನತು ಎಂದು ಓದಿದಾಗ ಚಿಕ್ಕಂದಿನಲ್ಲಿ ನನಗೆ ಗೊಂದಲವಾಗುತ್ತಿತ್ತು. ಆಫೀಸಿನ ಕಂಪ್ಯೂಟರ್‌ನಲ್ಲಿರುವುದು ಮೊದಲನೆಯ ಅರ್ಥದ ಅಮಾನತ್. ಗಿರಾಕಿಗಳ ಪ್ಯಾನ್, ಆಧಾರ್, ಬ್ಯಾಂಕ್ ವಿವರ ಎಲ್ಲ ಅದರಲ್ಲಿದೆ. ಕಮಿಟಿ ಕಚೇರಿಯಾದರೆ ರಂಜಾನ್‌ನಲ್ಲಿ ಝಕಾತ್ ಪಡೆದವರ ಪಟ್ಟಿ, ಫೀಸು ಕಟ್ಟಲಾಗದ ಮಕ್ಕಳ ಅರ್ಜಿ ಇರುತ್ತವೆ. ಕೊಟ್ಟವರ ಹೆಸರು ಹೊರಗೆ ಬಂದರೆ ಅಂಥ ನಷ್ಟವಿಲ್ಲ, ಪಡೆದವರ ಹೆಸರು ವಾಟ್ಸಾಪ್‌ನಲ್ಲಿ ಓಡಾಡಿದರೆ ಆ ಮನೆಯವರು ಬೀದಿಯಲ್ಲಿ ತಲೆ ಎತ್ತುವುದು ಹೇಗೆ? ಅಂಥ ಎಕ್ಸೆಲ್ ಫೈಲಿಗೆ ಪಾಸ್‌ವರ್ಡ್ ಹಾಕಿ. ಝೆರಾಕ್ಸ್ ಅಂಗಡಿಯ ಕಂಪ್ಯೂಟರ್‌ಗೆ ನಕಲು ಮಾಡಿ ಪ್ರಿಂಟ್ ತೆಗೆಸಬೇಡಿ. ಅಲ್ಲಿನ ಡೌನ್‌ಲೋಡ್ ಫೋಲ್ಡರ್ ತೆರೆದು ನೋಡಿದರೆ ಊರಿನ ಅರ್ಧ ಜನರ ಆಧಾರ್ ಸಿಗುತ್ತದೆ.

ಹಳೆಯ ಕಂಪ್ಯೂಟರನ್ನು ಗುಜರಿಗೆ ಅಥವಾ ಸೆಕೆಂಡ್‌ಹ್ಯಾಂಡ್ ಅಂಗಡಿಗೆ ಕೊಡುವಾಗಲೂ ಇದೇ ಮಾತು. ಫೈಲ್ ಡಿಲೀಟ್ ಮಾಡಿ, ಬೇಗ ಮುಗಿಯುವ ಫಾರ್ಮ್ಯಾಟ್ ಮಾಡಿದರೆ ಅಳಿಯುವುದು ಪುಸ್ತಕದ ಪರಿವಿಡಿ ಮಾತ್ರ, ಪುಟಗಳು ಹಾಗೇ ಇರುತ್ತವೆ, ಮರಳಿ ಓದುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಡಿಸ್ಕ್ ಬಿಚ್ಚಿಟ್ಟುಕೊಂಡು ಉಳಿದದ್ದನ್ನು ಕೊಡಿ. ನಾಲ್ಕು ಸ್ಕ್ರೂ, ಎರಡು ವೈರ್, ಐದು ನಿಮಿಷದ ಕೆಲಸ. ಗುಜರಿಯವರು ಡಿಸ್ಕ್ ಇಲ್ಲವೆಂದು ಇನ್ನೂರು ಮುನ್ನೂರು ಕಡಿಮೆ ಕೊಡುತ್ತಾರೆ, ಕೊಡಲಿ. ಮಾಮು ಆಫೀಸಿನ ಹಳೆಯ ಎರಡು ಡಿಸ್ಕ್‌ಗಳು ಇನ್ನೂ ಅವರ ಬೀರುವಿನ ಕೆಳಗಿನ ಖಾನೆಯಲ್ಲಿ, ಹಳೆಯ ರೋಕಡ್ ಪುಸ್ತಕಗಳ ಪಕ್ಕದಲ್ಲೇ ಇವೆ.